ಕುರಿಗಳ ಕಡೆಗೆ ಮುಖಮಾಡಿದ ಬ್ಯಾನರ್

ಫ್ಲೆಕ್ಸ್ ಬ್ಯಾನರಿನ ಸಾರ್ಥಕ ಜೀವನ ಆರಂಭವಾಗುವುದು ಅದನ್ನು ಕಂಬದಿಂದ ಬಿಚ್ಚಿದ ಮೇಲೆಯೇ ಎಂಬುದನ್ನು ನೀವೂ ಗಮನಿಸಿರಬಹುದು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ, ಹುಟ್ಟುಹಬ್ಬದ ಶುಭಾಶಯ ಕೋರಿಸಿಕೊಂಡ ಮಹನೀಯರು ಹುಲ್ಲಿನ ಮೆದೆಯ ಮೇಲೆ ಅಂಗಾತ ಮಲಗಿ ಆಕಾಶಕ್ಕೆ ಕೈಮುಗಿಯುತ್ತಿರುತ್ತಾರೆ. ಅವರನ್ನು ಕಂಡು ನಾನು ಮನಸಾರೆ ನಗುತ್ತಿದ್ದೆ. ಈಗ ನಗುವ ಹಾಗಿಲ್ಲ, ನಾನೂ ಆ ಪಂಗಡಕ್ಕೆ ಸೇರಿಬಿಟ್ಟಿದ್ದೇನೆ.

ಮಂಡ್ಯದ ಕಾಲೇಜೊಂದರಲ್ಲಿ ಸಮಾಜಕಾರ್ಯ ಕಲಿಸುವವಳು ನಾನು. ವ್ಯಸನ ಮತ್ತು ಮಾನಸಿಕ ಆರೋಗ್ಯ ನಾನು ಪಾಠ ಮಾಡುವ ಪತ್ರಿಕೆ. ಇಷ್ಟು ವರ್ಷ ಅದನ್ನೇ ಬೋಧಿಸಿದ ಪುಣ್ಯಕ್ಕೆ ‘ಕುಡುಕರ ಮೇಡಮ್ಮು’ ಎಂಬ ಬಿರುದು ಪ್ರಾಪ್ತವಾಗಿದೆ. ಬಸ್ ಕಂಡಕ್ಟರುಗಳಿಗೆ ನನ್ನ ಡಾಕ್ಟರೇಟಿಗಿಂತ ಅದೇ ಹೆಚ್ಚು ಪರಿಚಿತ, ನನಗೂ ಅದರ ಮೇಲೆಯೇ ಹೆಚ್ಚು ಅಭಿಮಾನ.

ಮೊದಮೊದಲು ನಾನೂ ಬ್ಯಾನರಿನ ಪರಮಭಕ್ತೆಯೇ. ಪೂರಿಗಾಲಿಯ ಶಾಲೆಯ ಬಾಗಿಲಿಗೆ ‘ಮದ್ಯವ್ಯಸನಿಗಳಿಗೆ ಸುಸ್ವಾಗತ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಕಟ್ಟಿಸಿ, ವಿದ್ಯಾರ್ಥಿಗಳೊಡನೆ ಸಂಜೆಯವರೆಗೂ ಕಾದೆ. ಬಂದದ್ದು ಒಂದು ನಾಯಿ ಮಾತ್ರ. ಅಂಗಳ ಗುಡಿಸುತ್ತಿದ್ದ ಅಜ್ಜಿ ಕೊನೆಗೆ ಕನಿಕರಪಟ್ಟು, “ಅದ್ರ ಕೆಳ್ಗೆ ನುಗ್ಗಿದ್ರೆ ತಾನು ಕುಡುಕ ಅಂತ ತಾನೇ ಸಾರ್ಕಂಡಂಗಾಯ್ತದೆ ಕಣವ್ವ. ಮೊದ್ಲು ಬಿಚ್ಚಾಕು,” ಎಂದಳು. ಎರಡು ವರ್ಷ ಸ್ನಾತಕೋತ್ತರ ಪದವಿ ಓದಿದಾಗ ಯಾರೂ ಹೇಳದ ಮಾತು! ಬಿಚ್ಚಿಹಾಕಿದೆ. ಅಂದಿನಿಂದ ಕುಡಿತ ಬಿಡಬೇಕೆನ್ನುವವರಿಗಾಗಿ ನಾನು ನಡೆಸುವ ಗುರುವಾರದ ಕೂಟಕ್ಕೆ ಹೆಸರೂ ಇಲ್ಲ, ಫಲಕವೂ ಇಲ್ಲ.

ಈಗ ಆ ಕೂಟ ಸೇರುವುದು ಬಂಡೂರಿನ ಒಂದು ಹಳೆಯ ಕೋಣೆಯಲ್ಲಿ. ಕುರಿ ಸಾಕುವ ಶಿವಣ್ಣ ಒಂಬತ್ತು ತಿಂಗಳಿಂದ ಅಲ್ಲಿಗೆ ತಪ್ಪದೆ ಬರುತ್ತಾನೆ, ಒಂಬತ್ತು ತಿಂಗಳಿಂದ ಕುಡಿದಿಲ್ಲ. ಊರಿಗೆಲ್ಲ ಗೊತ್ತು, ಆದರೆ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನಮ್ಮ ಕಡೆ ಮರ್ಯಾದೆ ಉಳಿಯುವುದೇ ಹೀಗೆ.

ಇದು ನಮ್ಮ ಪ್ರಾಂಶುಪಾಲರಿಗೆ ಅರ್ಥವಾಗಲಿಲ್ಲ. ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಬ್ಯಾನರಿನ ಕೆಳಗೆ ಫಲಾನುಭವಿಗಳ ಫೋಟೋ ಕಡತದಲ್ಲಿ ಇರದಿದ್ದರೆ ಪತ್ರಿಕೆಯನ್ನೇ ಮುಂದಿನ ವರ್ಷ ಕೈಬಿಡಲಾಗುವುದು ಎಂದು ಆಜ್ಞಾಪಿಸಿ, ನನ್ನ ಭಾವಚಿತ್ರವೂ ರಾರಾಜಿಸುವ ‘ವ್ಯಸನಮುಕ್ತಿ ಕೂಟ: ಪ್ರತಿ ಗುರುವಾರ, ಬಂಡೂರು’ ಎಂಬ ಬೃಹತ್ ಬ್ಯಾನರನ್ನು ಕೈಗಿತ್ತರು. ಚಿತ್ರದಲ್ಲಿ ನಾನು ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತಿದ್ದೆನಾದ್ದರಿಂದ ಕ್ಷಣಕಾಲ ಮನಸ್ಸು ಡೋಲಾಯಮಾನವಾದದ್ದು ಸುಳ್ಳಲ್ಲ.

ಬಂಡೂರಿನಲ್ಲಿ ಆ ಸುರುಳಿಯನ್ನು ಕಂಡದ್ದೇ ಶಿವಣ್ಣ ಹೊಸ್ತಿಲಲ್ಲೇ ನಿಂತ.

“ಮಗ್ಳಿಗೆ ಗಂಡು ನೋಡ್ತಾವ್ನಿ ಕಣಮ್ಮ. ಅದ್ರಡಿ ನಾ ಕೂತಿರೋ ಪೋಟೋ ಯಾರ್ ಪೋನ್ಗಾರ ಬಂದ್ರೆ ಮಾತೇ ಮುರ್ದೋಯ್ತದೆ. ನಾ ಬರಾಕಿಲ್ಲ ಬುಡಿ.”

ಅವನು ಹಾಗೆ ತಿರುಗಿ ನಡೆದಿದ್ದರೆ ಅವನ ದಾರಿ ಎಲ್ಲಿಗೆ ಹೋಗುತ್ತಿತ್ತೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಒಬ್ಬ ಮನುಷ್ಯನ ಒಂಬತ್ತು ತಿಂಗಳನ್ನು ಕಡತಕ್ಕೆ ಅಂಟಿಸಬೇಕೆ?

“ಕಟ್ಟೋಕಲ್ಲ ಶಿವಣ್ಣ, ಕುರಿಕೊಟ್ಟಿಗೆ ಸೋರುತ್ತೆ ಅಂದಿದ್ರಲ್ಲ, ಹೊದಿಸಿ,” ಎಂದೆ.

ದಾರಿಹೋಕರಿಗೆ ಕಾಣದಿರಲೆಂದು ಅಕ್ಷರಗಳನ್ನು ಒಳಮುಖವಾಗಿಸಿ ಆ ದಿನವೇ ಹೊದಿಸಿದೆವು. ನಾನು ಕುರಿಗಳನ್ನು ನೋಡುತ್ತ ಮುಗುಳ್ನಗುವವಳಾದೆ. ಮರುದಿನ ಪ್ರಾಂಶುಪಾಲರಿಗೆ ಲಿಖಿತವಾಗಿಯೇ ತಿಳಿಸಿದೆ: ‘ಬ್ಯಾನರ್ ಉಪಯೋಗದಲ್ಲಿದೆ. ಫೋಟೋ ಕೊಡುವುದಿಲ್ಲ. ಪತ್ರಿಕೆ ಕೈಬಿಡುವುದಾದರೆ ಬಿಡಿ.’ ಅವರು ಇಂದಿಗೂ ನನ್ನ ನಮಸ್ಕಾರಕ್ಕೆ ಗೋಡೆಯತ್ತ ನೋಡಿ ಪ್ರತಿನಮಸ್ಕಾರ ಮಾಡುತ್ತಾರೆ.

ಮಳೆ ಹಿಡಿದ ಮೇಲೆ ಒಂದು ಗುರುವಾರ ಬೆಳಕವಾಡಿಯ ಅಪರಿಚಿತನೊಬ್ಬ ಕೋಣೆಯ ಮೂಲೆಯಲ್ಲಿ ಬಂದು ಕೂತ. ಯಾರು ಹೇಳಿದರು ಎಂದು ಕೇಳಿದೆ.

“ಯಾರೂ ಏಳ್ನಿಲ್ಲ ಕಣಮ್ಮ. ಟಗರು ಕೊಳ್ಳಾಕ್ ಬಂದಿದ್ದೆ, ಮಳೆ ಬಂತು ಅಂತ ಶಿವಣ್ಣನ ಕೊಟ್ಗೇಲಿ ಕುಂತ್ಕಂಡೆ. ಮ್ಯಾಲೆ ನೋಡ್ದೆ, ಪೂರಾ ಓದ್ಕಂಡೆ. ನಾ ಓದೋದ ನೋಡಾಕೆ ಕುರಿ ಬುಟ್ರೆ ಯಾರಿದ್ರು?”

ಬಸ್ಸಿನ ಕಿಟಕಿಯಲ್ಲಿ ಮೆದೆಯ ಮೇಲಿನ ಮಹನೀಯರನ್ನು ಈಗಲೂ ನೋಡುತ್ತೇನೆ. ಪಾಪ, ಅವರನ್ನು ಮಗುಚಿ ಹಾಕುವ ಪುಣ್ಯಾತ್ಮರು ಸಿಕ್ಕಿಲ್ಲ. ನನ್ನ ಪತ್ರಿಕೆ ಮುಂದಿನ ವರ್ಷ ಇರುತ್ತದೋ ಇಲ್ಲವೋ ಕಾಣೆ. ಗುರುವಾರಕ್ಕೆ ಮಾತ್ರ ನಾನು ಯಾವ ಸಮಿತಿಯ ಅಪ್ಪಣೆಯನ್ನೂ ಕೇಳುವವಳಲ್ಲ.