ಕಕ್ಕೆ ಕ ಒತ್ತು

ನನ್ನ ತಮ್ಮನ ಮಗಳು ದೀಪ ಹಾಕುವುದು ಮರದ ಸೌಟಿನಿಂದ. ಚಿಕ್ಕವಳಿದ್ದಾಗ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿ, ಶಾಕ್ ಹೊಡೆದು ಮೂಲೆಗೆ ಬಿದ್ದವಳು. ಅಂದಿನಿಂದ ಗೋಡೆಯ ಕರೆಂಟು ಹರಿಯುವ ಯಾವುದಕ್ಕೂ ಬರಿಬೆರಳು ತಾಗಿಸಿದವಳಲ್ಲ. ಮೊಬೈಲು ಮಾತ್ರ ಬ್ಯಾಟರಿಯದ್ದು, ಕಚ್ಚುವುದಿಲ್ಲ ಎಂಬುದು ಅವಳ ವಾದ. ಮನೆಯಲ್ಲಿ ನಾವೆಲ್ಲ ಅವಳನ್ನು ಕರೆಯುವುದೇ ಸೌಟಕ್ಕ ಎಂದು.

ಇಂಥವಳು ಟೀಚರ್ ಟ್ರೈನಿಂಗ್ ಸೇರಿದಳು. ಪಾಠ ಹೇಳುವುದರಲ್ಲಿ ಎತ್ತಿದ ಕೈ. ಆದರೆ ಈಗಿನ ತರಗತಿಯಲ್ಲಿ ಕರಿಹಲಗೆ ಎಲ್ಲಿದೆ? ಗೋಡೆಯಗಲದ ಸ್ಮಾರ್ಟ್ ಬೋರ್ಡು. ಅದರ ಮೇಲಿನ ಅಕ್ಷರದ ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಅಕ್ಷರ ಮೂಡುತ್ತದೆ. ಸೌಟಿಗೂ ಪೆನ್ಸಿಲ್ಲಿಗೂ ಅದು ಜಗ್ಗುವುದಿಲ್ಲ. ಮೊದಲ ಸಲ ಪರೀಕ್ಷೆಯ ಪಾಠಕ್ಕೆ ನಿಂತಾಗ ಇವಳು ಆ ಬೋರ್ಡಿನ ಮುಂದೆ ಕಲ್ಲಾಗಿ, ಫೇಲಾಗಿ ಬಂದಳು. ಇನ್ನು ಉಳಿದಿದ್ದು ಒಂದೇ ಅವಕಾಶ. ಅದೂ ಕೈತಪ್ಪಿದರೆ ಟೀಚರ್ ಆಗುವ ಆಸೆ ಮಣ್ಣುಪಾಲು.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬಣ್ಣದ ಡಬ್ಬಿ ಹಿಡಿದು ಅಂಗಡಿಗಳ ಬೋರ್ಡು ಬರೆಯುತ್ತಲೇ ಅಕ್ಷರ ಕಲಿತವನು. ನನ್ನ ಒತ್ತಕ್ಷರದ ದುಂಡಿಗೆ ಇವತ್ತಿಗೂ ಸಾಟಿ ಇಲ್ಲ. ಆ ಗತ್ತಿನಲ್ಲೇ ದೊಡ್ಡ ರಟ್ಟೊಂದರ ಮೇಲೆ ಆ ಬೋರ್ಡಿನ ಗುಂಡಿಗಳನ್ನೆಲ್ಲ ಬರೆದು ಗೋಡೆಗೆ ಒರಗಿಸಿದೆ.

“ಒತ್ತೇ ನೋಡೋಣ,” ಅಂದೆ. ಟಕಟಕ ಒತ್ತಿದಳು.

“ಬರುತ್ತಲ್ಲ! ಇನ್ನೇನು?”

“ರಟ್ಟು ಹೊಡೆಯಲ್ಲ ದೊಡ್ಡಪ್ಪ. ಆ ಬೋರ್ಡು ಗುಂಯ್ ಅನ್ನುತ್ತೆ.”

“ಅದು ಗುಂಯ್ ಅಂದ್ರೆ ನೀನೂ ಗುಂಯ್ ಅನ್ನು.”

ಅವಳು ರಟ್ಟನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

ಪರೀಕ್ಷೆಯ ದಿನ ಸ್ಕೂಟರಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಅವಳ ಉಗುರು ನನ್ನ ಹೆಗಲಿಗೆ ನೆಟ್ಟಿತ್ತು. ತರಗತಿಯ ಹೊರಗೆ, ತೆರೆದ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತೆ. ಒಳಗೆ ಪುಟ್ಟ ಮಕ್ಕಳು. ಹಿಂದಿನ ಸಾಲಿನಲ್ಲಿ ಕನ್ನಡಕದ ಪರೀಕ್ಷಕಿ. ಪಾಠ ಒತ್ತಕ್ಷರದ್ದು.

ಬೋರ್ಡು ಗುಂಯ್ ಎಂದು ಬೆಳಗಿತು. ಇವಳ ಮುಖ ಸುಣ್ಣ ಬಳಿದಂತಾಯಿತು. ಆದರೂ ಉಪಾಯಗಾತಿ, ತಾನು ಮುಟ್ಟದೆ ಎರಡು ಜಡೆಯ ಪುಟ್ಟಿಯೊಬ್ಬಳನ್ನು ಮುಂದೆ ಕರೆದಳು.

“‘ಅಕ್ಕ’ ಅಂತ ಬರೀ ಪುಟ್ಟಿ. ಮೊದಲು ಅ.”

ಪುಟ್ಟಿ ಒತ್ತಿತು.

“ಆಮೇಲೆ ಕ.” ಅದನ್ನೂ ಒತ್ತಿತು. “ಈಗ ಕಕ್ಕೆ ಕ ಒತ್ತು.”

ಪುಟ್ಟಿ ಇನ್ನೊಂದು ಕ ಒತ್ತಿತು.

“ಅಲ್ಲಮ್ಮ, ಕ ಒತ್ತು!”

ಮತ್ತೊಂದು ಕ.

“ಅಯ್ಯೋ, ಒತ್ತು ಕಣೇ, ಒತ್ತು!”

ಒತ್ತಿದ್ದೇ ಒತ್ತಿದ್ದು. ಬೋರ್ಡಿನ ತುಂಬ ‘ಅಕಕಕಕಕ’. “ಮಿಸ್, ಕಾಗೆ!” ಎಂದು ಯಾರೋ ಕೂಗಿದ್ದೇ ತಡ, ಇಡೀ ತರಗತಿ ಕಾ ಕಾ ಎಂದಿತು. ಪರೀಕ್ಷಕಿ ಪೆನ್ನು ಕೆಳಗಿಟ್ಟರು.

“ಮಗು ತಪ್ಪು ಮಾಡ್ತಿಲ್ಲ ಟೀಚರ್. ನೀವು ಒತ್ತು ಅಂದ್ರಿ, ಅದು ಒತ್ತಿತು. ಈಗ ನೀವೇ ಮಾಡಿ ತೋರಿಸಿ.”

ಇನ್ನು ನುಸುಳಲು ಸಂದಿಯಿರಲಿಲ್ಲ. ಸೌಟಕ್ಕ ಕರವಸ್ತ್ರ ತೆಗೆದು ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಬೆವರು ನಿಲ್ಲುತ್ತಿಲ್ಲ, ಕೈ ಒಣಗುತ್ತಿಲ್ಲ. ಬೋರ್ಡಿನತ್ತ ಒಂದು ಹೆಜ್ಜೆ ಇಟ್ಟವಳು ಥಟ್ಟನೆ ತಿರುಗಿ, ಪುಟ್ಟಿಯ ಭುಜ ಹಿಡಿದು ತನ್ನ ಬೆನ್ನ ಹಿಂದೆ ಸರಿಸಿದಳು.

“ದೂರ ನಿಲ್ಲು ಕಂದ. ನನ್ನ ಮುಟ್ಟಬೇಡ.”

ಅಷ್ಟು ಹೊತ್ತು ಅದೇ ಬೋರ್ಡನ್ನು ಕುಟ್ಟಿದ್ದ ಮಗು ಪಿಳಿಪಿಳಿ ಕಣ್ಣು ಬಿಟ್ಟಿತು. ಇವಳು ಹಲ್ಲು ಕಚ್ಚಿ ಬೆರಳು ಚಾಚಿದಳು. ನಾನು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದೆ.

ಬೆರಳು ತಾಗಿತು. ಏನೂ ಆಗಲಿಲ್ಲ. ಹೆಚ್ಚಾದ ಕಗಳನ್ನು ಒಂದೊಂದಾಗಿ ಅಳಿಸಿದಳು. ಪ್ರತಿ ಸಲವೂ ಹೆಗಲು ಬೆಚ್ಚುತ್ತಿತ್ತು.

“ನೋಡಿ ಮಕ್ಕಳೇ, ನಾನು ಹೇಳಿದ್ದು ಬೆರಳಲ್ಲಿ ಒತ್ತೋ ಒತ್ತಲ್ಲ, ಅಕ್ಷರದ ಕಾಲಡಿ ಕೂರೋ ಒತ್ತು. ಮೊದಲು ಈ ಜೋಡಿಸೋ ಗುಂಡಿ, ಆಮೇಲೆ ಕ.”

‘ಅಕ್ಕ’ ಮೂಡಿತು. ಬೆನ್ನ ಹಿಂದಿನಿಂದ ಪುಟ್ಟಿ, “ಓ, ಕೂತ್ಕೊಂಡ್ತು!” ಎಂದು ಚಪ್ಪಾಳೆ ತಟ್ಟಿತು.

ಪಾಠ ಮುಗಿಸಿ ಹೊರಬಂದ ಪರೀಕ್ಷಕಿ ಬಾಗಿಲಲ್ಲಿ ಅಂದರು: “ಪಾಸ್ ಮಾಡಿದೀನಿ. ಆದರೆ ಪಾಠ ಮಾಡೋವಾಗ ಉಸಿರಾಡಬಹುದು ಕಣಮ್ಮ.”

ಸಂಜೆ ಮನೆಯಲ್ಲಿ ಕತ್ತಲು ಕವಿಯಿತು. ಯಾರೂ ಏಳಲಿಲ್ಲ, ಎಲ್ಲರೂ ಅವಳನ್ನೇ ನೋಡುತ್ತ ಕುಳಿತೆವು. ಸ್ವಿಚ್ಚಿನ ಮುಂದೆ ನಿಂತು ಬೆರಳನ್ನೊಮ್ಮೆ, ಸ್ವಿಚ್ಚನ್ನೊಮ್ಮೆ ನೋಡಿದಳು.

“ಅಲ್ಲಿ ಮಕ್ಕಳಿದ್ರು ದೊಡ್ಡಪ್ಪ,” ಎಂದು ಸೌಟು ತರಲು ಅಡುಗೆಮನೆಗೆ ಹೋದಳು.