ಮೂರು ಕಪಾಟುಗಳ ಚಕ್ರವರ್ತಿ

ನಮ್ಮ ಕಚೇರಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ಅಕಾರಾದಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಕ್ಷರಗಳ ಕ್ರಮದಲ್ಲಿ ಜೋಡಿಸದಿದ್ದರೆ ಅವನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಮನೆಯ ಅಡುಗೆ ಕಪಾಟಿನಲ್ಲಿ ಅಕ್ಕಿ ಮೊದಲು, ಆಮೇಲೆ ಉಪ್ಪು, ಎಣ್ಣೆ, ತುತ್ತತುದಿಯಲ್ಲಿ ಹಿಟ್ಟು. "ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ಇವತ್ತಿಗೂ ಸಕ್ಕರೆ ಬೇಕಂದ್ರೆ ನಾನು ಒಂದನೇ ಕ್ಲಾಸಿನ ಮಗು ಥರ ಅ ಆ ಇ ಈ ಹೇಳ್ಕೊಂಡು ಹೋಗ್ಬೇಕು," ಎಂದು ಅವನ ಹೆಂಡತಿ ಬಂದವರೆದುರು ದೂರು ಕೊಡುತ್ತಿದ್ದಳು. ಅವನು ಅದನ್ನು ಬಿರುದೆಂದು ಸ್ವೀಕರಿಸಿ ಬೀಗುತ್ತಿದ್ದ.

ಇಂಥ ಪರಾಕ್ರಮಿಗೆ ತಕ್ಕ ರಣರಂಗ ನಲವತ್ತೆಂಟನೇ ವಯಸ್ಸಿನವರೆಗೂ ಸಿಕ್ಕಿರಲಿಲ್ಲ. ಅದನ್ನು ಒದಗಿಸಿಕೊಟ್ಟದ್ದು ಆಳುವ ಪಕ್ಷ.

ಪಕ್ಷಕ್ಕೆ ಹೊಸ ಸಂವಿಧಾನ ಬೇಕಾಗಿತ್ತು. ದೇಶದ ಅತಿ ಎತ್ತರದ ಕುರ್ಚಿಯಲ್ಲಿ ಒಬ್ಬರು ಎರಡು ಅವಧಿಗಿಂತ ಹೆಚ್ಚು ಕೂರುವಂತಿಲ್ಲ ಎಂದು ಹಳೆಯದರಲ್ಲಿ ಬರೆದಿತ್ತು. ನ್ಯಾಯಾಧೀಶರನ್ನು ಸರ್ಕಾರ ಮನಸ್ಸು ಬಂದಾಗ ಮನೆಗೆ ಕಳಿಸುವಂತಿಲ್ಲ ಎಂದೂ ಬರೆದಿತ್ತು. ಈ ಎರಡು ಸಾಲು ಪಕ್ಷಕ್ಕೆ ಚಪ್ಪಲಿಯೊಳಗಿನ ಮೊಳೆಯಂತೆ ಚುಚ್ಚುತ್ತಿದ್ದವು. ವಿರೋಧ ಪಕ್ಷದವರು ಸದನದಲ್ಲಿ ಕರಡನ್ನು ಹರಿದು ಎಸೆದರು, ಮಾರ್ಷಲ್‌ಗಳು ಅವರನ್ನೂ ಹರಿದ ಕಾಗದವನ್ನೂ ಒಟ್ಟಿಗೇ ಹೊರಹಾಕಿದರು. ಆದರೆ ಒಂದು ತೊಡಕು ಉಳಿದಿತ್ತು. ಸಂವಿಧಾನ ಬದಲಿಸುವ ಮೊದಲು ಅರವತ್ತು ದಿನ ಜನರ ಅಭಿಪ್ರಾಯವನ್ನು ಬರಹದಲ್ಲಿ ಕೇಳಬೇಕು, ಬರೆದ ಪ್ರತಿಯೊಬ್ಬರಿಗೂ ಉತ್ತರ ಕಳಿಸಬೇಕು ಎಂದು ಹಳೆಯ ಸಂವಿಧಾನವೇ ಹೇಳಿತ್ತು. ಬರೆಯುವ ಪುಣ್ಯಾತ್ಮರು ಎಷ್ಟು ಜನ ಇದ್ದಾರು ಎಂದು ಪಕ್ಷ ಧಾರಾಳವಾಗಿ ಒಪ್ಪಿತು. ನಮ್ಮ ಕಚೇರಿಯ ನೆಲಮಹಡಿಯಲ್ಲಿ ನಾಲ್ಕು ಮೇಜು, ಒಂದು ಮೊಹರು, ಸೀಲಿಂಗಿನಲ್ಲಿ ಕಿರುಗುಟ್ಟುವ ಫ್ಯಾನು ಇಟ್ಟು ಅಭಿಪ್ರಾಯ ಸಂಗ್ರಹ ವಿಭಾಗ ತೆರೆದರು. ಅದರ ಪಟ್ಟಾಭಿಷೇಕ ಅಕಾರಾದಿಗಾಯಿತು.

ಆ ಭಾನುವಾರ ಅವನು ಎಂದಿನಂತೆ ಅಕ್ಕನ ಮನೆಗೆ ಹೋದ. ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು, ಆ ಗದ್ದಲದಲ್ಲಿ ಮದುವೆಯಾಗುವುದನ್ನೇ ಮರೆತವಳು. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮುಖ್ಯ ದಾದಿ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಆಸ್ಪತ್ರೆಯ ಹಿಂದಿನ ಸಾಲುಮನೆಗಳಲ್ಲಿ ಕೊನೆಯದು ಅವಳದು.

"ಏನೋ, ನಿಮ್ಮವರು ದೇಶಕ್ಕೆ ಹೊಸ ಬಟ್ಟೆ ಹೊಲಿಸ್ತಿದ್ದಾರಂತೆ?"

"ನಮ್ಮವರಲ್ಲಕ್ಕಾ. ನಾನು ಬರೀ ಗುಮಾಸ್ತ."

"ಅಳತೆ ಒಬ್ಬನದ್ದೇ ತಗೊಂಡಿದ್ದಾರಲ್ಲೋ! ಹಾಕ್ಕೊಂಡು ತಿರುಗಬೇಕಾದವರು ನಾವೆಲ್ಲ."

"ಹಾಗಂತ ಬರೆದು ಕಳಿಸು ಮತ್ತೆ. ಇಲ್ಲಿ ಬೈದ್ರೆ ಗೋಡೆ ಕೇಳುತ್ತೆ. ಬರೆದ್ರೆ ನನ್ನ ಮೇಜಿಗೆ ಬರುತ್ತೆ."

"ಬಂದು ಏನು ಕಡಿಯುತ್ತೆ?"

"ಕಾನೂನಿದೆ ಅಕ್ಕಾ. ಪ್ರತಿ ಕಾಗದಕ್ಕೂ ಉತ್ತರ ಹೋಗಲೇಬೇಕು. ನಾನಿದ್ದೀನಲ್ಲ, ನೋಡ್ಕೋತೀನಿ. ಹೆಸರು, ಮನೆ, ಕೆಲಸ, ಮೂರನ್ನೂ ಬಿಡಿಸಿ ಬರಿ, ಅಷ್ಟೇ."

ಅಕ್ಕ ನಗುತ್ತಲೇ ಬರೆದಳು. "ಮೂವತ್ತು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದೇನೆ. ಸಾಯುವತನಕ ಕುರ್ಚಿ ನನ್ನದೇ ಎಂದು ಹಣೆಯಲ್ಲಿ ಬರೆಸಿಕೊಂಡು ಬಂದ ಮಗುವನ್ನು ಇದುವರೆಗೆ ಎತ್ತಿಕೊಂಡಿಲ್ಲ. ಈ ಬದಲಾವಣೆಗೆ ನನ್ನ ಒಪ್ಪಿಗೆಯಿಲ್ಲ." ಕೆಳಗೆ ಹೆಸರು, ಮನೆ, ಕೆಲಸ. ತಮ್ಮ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಪಕ್ಷಪಾತ ಆಗಬಾರದೆಂದು ಮರುದಿನ ಅಂಚೆಪೆಟ್ಟಿಗೆಗೇ ಹಾಕಿದ. ಅಂಥ ಧರ್ಮಿಷ್ಠ.

ಎರಡು ಚೀಲ ಬಂದಾವು ಎಂದು ಕಾದಿದ್ದವರಿಗೆ ಎರಡು ಲಾರಿ ಬಂದವು. ಬೇಡ ಎಂದವರೇ ನಲವತ್ತೊಂದು ಸಾವಿರ. ಕಾಗದಗಳು ಮೇಜು ಏರಿ, ಕಿಟಕಿ ಮುಚ್ಚಿ, ಶೌಚಾಲಯದ ಬಾಗಿಲಿಗೆ ಅಡ್ಡ ಕೂತವು. ಮೇಲಧಿಕಾರಿ ಮೂಗು ಮುಚ್ಚಿಕೊಂಡು, "ಹಿಂದಿನ ಶೆಡ್ಡಿಗೆ ಸುರಿದುಬಿಡಿ," ಎಂದರು. ಅಕಾರಾದಿಯ ರಕ್ತ ಕುದಿಯಿತು. ತೋಳೇರಿಸಿದ, ಕನ್ನಡಕ ಒರೆಸಿದ, ಯುದ್ಧಕ್ಕಿಳಿದ.

ಒಂದೊಂದು ಆಕ್ಷೇಪಕ್ಕೂ ಮೂರು ಚೀಟಿ. ಒಂದು ಹೆಸರಿನ ಕಪಾಟಿಗೆ, ಒಂದು ಬೀದಿಯ ಕಪಾಟಿಗೆ, ಒಂದು ಉದ್ಯೋಗದ ಕಪಾಟಿಗೆ. ಪ್ರತಿ ಖಾನೆಯ ಮೇಲೆ ಒಳಗೆಷ್ಟು ಚೀಟಿ ಇವೆಯೆಂಬ ಸಂಖ್ಯೆ. ಇದನ್ನು ಮಾಡು ಎಂದು ಅವನಿಗೆ ಯಾವ ನರಪಿಳ್ಳೆಯೂ ಹೇಳಿರಲಿಲ್ಲ. ಎಂಬತ್ತು ದಿನ, ಮೂರು ಜನ ಸಹಾಯಕರ ಬೆನ್ನು ಮುರಿದು, ಅವನು ಆ ಸಾಮ್ರಾಜ್ಯ ಕಟ್ಟಿದ.

"ಯಾರಿಗ್ರೀ ಬೇಕು ಇದೆಲ್ಲ?" ಎಂದರು ಮೇಲಧಿಕಾರಿ.

"ಉತ್ತರ ಕಳಿಸೋಕೆ ಸರ್. ಬೀದಿ ಪ್ರಕಾರ ಕಟ್ಟಿ ಕೊಟ್ರೆ ಅಂಚೆಯವನಿಗೆ ಸುಲಭ. ಒಬ್ಬರಿಗೂ ತಪ್ಪಲ್ಲ."

"ಚೀಟಿ ಕಳೆದ್ರೆ?"

"ಕಳೆಯೋಕೆ ಸಾಧ್ಯವೇ ಇಲ್ಲ ಸರ್! ಒಂದು ಹೋದ್ರೂ ಮಿಕ್ಕೆರಡು ಕೂಗಿ ಹೇಳ್ತವೆ." ಹಾಗೆಂದವನೇ, ಕಾಲುವೆ ಬೀದಿಯ ದರ್ಜಿಗಳು ಯಾರ್ಯಾರೆಂದು ಕಣ್ಣು ಮಿಟುಕಿಸುವುದರೊಳಗೆ ತೆಗೆದು ತೋರಿಸಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟಿದ್ದು ನಿಜ, ಈಗ ಇಲ್ಲವೆಂದರೆ ಆಗುತ್ತದೆಯೇ.

ಉತ್ತರಗಳು ಹೋಗಲೇ ಇಲ್ಲ. ಮುದ್ರಣದಲ್ಲಿವೆ ಎಂದರು. ಅಷ್ಟರಲ್ಲಿ ಅರ್ಧ ಖಾಲಿಯಾದ ಸದನದಲ್ಲಿ ಹೊಸ ಸಂವಿಧಾನ ಅಂಗೀಕಾರವಾಯಿತು. ಉತ್ತರ ಕಳಿಸಬೇಕೆಂಬ ನಿಯಮ ಅದರಲ್ಲಿರಲಿಲ್ಲ.

ಹತ್ತನೇ ದಿನ ಇಬ್ಬರು ಸಭ್ಯರು ಬಂದರು. ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. ಚಹಾ ಕುಡಿದು, ಲೋಟವನ್ನು ತಾವೇ ಪಕ್ಕಕ್ಕಿಟ್ಟು, ಅವರಲ್ಲಿ ಹಿರಿಯವರು ಕೇಳಿದರು: "ಸರ್ಕಾರಿ ಕೆಲಸದಲ್ಲಿದ್ದು ಆಕ್ಷೇಪ ಬರೆದವರ ಪಟ್ಟಿ ಬೇಕಾಗಿತ್ತು. ಹುಡುಕೋಕೆ ಎಷ್ಟು ತಿಂಗಳು ಹಿಡಿಯಬಹುದು?"

ಇನ್ನೊಬ್ಬ ಗುಮಾಸ್ತನಾಗಿದ್ದರೆ ತಲೆ ಕೆರೆದುಕೊಂಡು ಒಂದು ವರ್ಷ ಎನ್ನುತ್ತಿದ್ದ. ಮತ್ತೊಬ್ಬ ಕಾಗದವೆಲ್ಲ ಇಲಿ ತಿಂದವೆನ್ನುತ್ತಿದ್ದ. ಆದರೆ ಎಂಬತ್ತು ದಿನ ಕಟ್ಟಿದ ಕೋಟೆಗೆ ಇದೇ ಮೊದಲ ಬಾರಿ ಅತಿಥಿಗಳು ಬಂದಿದ್ದರು. ಅಕಾರಾದಿಯ ಎದೆ ಉಬ್ಬಿತು, ಬುದ್ಧಿಗಿಂತ ಮೊದಲು ಬಾಯಿ ಓಡಿತು.

"ತಿಂಗಳಾ ಸರ್? ನಾಲ್ಕು ನಿಮಿಷ."

ತಾನೇ ಮುಂದೆ ನಡೆದು ಉದ್ಯೋಗದ ಕಪಾಟು ತೆರೆದ. ಗುಮಾಸ್ತರು, ಚಾಲಕರು ಎಂದು ಖಾನೆಗಳನ್ನು ಒಂದೊಂದಾಗಿ ಎಳೆದು ಬೆರಳಿಂದ ಸವರಿ ತೋರಿಸಿದ. 'ದಾದಿಯರು' ಎಂಬ ಖಾನೆಗೆ ಕೈ ಹಾಕಿದಾಗ ಮಾತ್ರ ಕೈ ಅಲ್ಲೇ ನಿಂತಿತು. ಸಭ್ಯರು ನಕ್ಕು, ಊಟ ಮುಗಿಸಿ ಬಂದು ಕಪಾಟನ್ನೇ ಒಯ್ಯುತ್ತೇವೆಂದು ಹೋದರು.

ಅಂದು ಅಕಾರಾದಿ ಊಟಕ್ಕೆ ಬರಲಿಲ್ಲ. ಅಕ್ಕನ ಚೀಟಿಯನ್ನು ಎಳೆದು ಮಡಚಿ ಜೇಬಿಗಿಟ್ಟುಕೊಂಡು, ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದ.

ಸಭ್ಯರು ಮರಳಿ ಬಂದು ಎಣಿಸಿದರು. "ದಾದಿಯರು ಇನ್ನೂರ ಹನ್ನೆರಡು ಅಂತ ಮೇಲೆ ಬರೆದಿದೆ. ಒಳಗೆ ಇನ್ನೂರ ಹನ್ನೊಂದೇ ಇದೆಯಲ್ಲ?"

"ಎಣಿಸುವಾಗ ನಾನೇ ತಪ್ಪಿರಬೇಕು ಸರ್," ಎಂದ ಅಕಾರಾದಿ. ಜೀವಮಾನದಲ್ಲಿ ಮೊದಲ ಬಾರಿ ತಾನು ತಪ್ಪಿದೆನೆಂದು ಹೇಳಿದ್ದ. ನಂಬಿದವರು ಯಾರು?

"ಇವನು ತಪ್ಪೋದಾ? ಛೆ ಛೆ," ಎಂದು ಮೇಲಧಿಕಾರಿ ಮುಂದೆ ಬಂದರು. "ಇವನ ವ್ಯವಸ್ಥೆಯಲ್ಲಿ ಕಳೆಯೋಕೆ ಸಾಧ್ಯವೇ ಇಲ್ಲ ಸರ್. ಬೀದಿಯ ಕಪಾಟು ತೆಗೀರಿ. ದಾದಿಯರು ಅಂದ್ರೆ ಆಸ್ಪತ್ರೆ ಹಿಂದಿನ ಸಾಲು ಮೊದಲು ನೋಡೋಣ."

ಸಿಕ್ಕಿತು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. "ಶಹಬ್ಬಾಸ್," ಎಂದು ಹಿರಿಯ ಸಭ್ಯರು ಅಕಾರಾದಿಯ ಬೆನ್ನು ತಟ್ಟಿದರು.

ಎಲ್ಲರಿಗೂ ಒಂದೇ ನಮೂನೆಯ ನೋಟೀಸು ಹೋಯಿತು. ಆಕ್ಷೇಪ ಹಿಂದಕ್ಕೆ ತಗೊಂಡೆ ಎಂದು ಸಹಿ ಹಾಕಿ, ಇಲ್ಲವೇ ಕೆಲಸ ಬಿಡಿ. ಬಹಳ ಜನ ಸಹಿ ಹಾಕಿದರು, ಅವರನ್ನು ಆಡಿಕೊಳ್ಳುವ ಯೋಗ್ಯತೆ ನಮಗಿಲ್ಲ. ಅಕ್ಕ ಹಾಕಲಿಲ್ಲ. ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕಾಯಿತು.

ಅಕಾರಾದಿಯ ಹೆಂಡತಿ ಮುಂದಿನ ಕೋಣೆ ತೊಳೆದು, ಮಂಚಕ್ಕೆ ಹೊಸ ಹಾಸಿಗೆ ಹಾಸಿದಳು. ಅವನು ಬೆಳಿಗ್ಗೆ ಎಂಟಕ್ಕೇ ಅಕ್ಕನ ಮನೆ ಮುಟ್ಟಿದ. ಸಾಮಾನಿನ ಗಾಡಿ ಬಾಗಿಲಲ್ಲಿತ್ತು. ಅಕ್ಕ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಸುತ್ತುತ್ತಿದ್ದಳು.

"ಅಲ್ಲ ಕಣೋ, ನಲವತ್ತೊಂದು ಸಾವಿರ ಕಾಗದದಲ್ಲಿ ನಾನು ಇಷ್ಟು ಬೇಗ ಹೇಗೆ ಸಿಕ್ಕಿದೆ ಅವರಿಗೆ? ನಮ್ಮಾಸ್ಪತ್ರೆ ಸೂಪರಿಂಟೆಂಡೆಂಟೇ ಹೇಳ್ಕೊಟ್ಟಿರ್ತಾನೆ ಅಂತ ವಾರ್ಡಲ್ಲೆಲ್ಲ ಅವನನ್ನ ಬೈತಿದ್ದಾರೆ."

ಅವನು ಗೋಡೆಗೊರಗಿ ಎಲ್ಲವನ್ನೂ ಹೇಳಿದ. ಮೂರು ಕಪಾಟು, ನಾಲ್ಕು ನಿಮಿಷ, ಏನನ್ನೂ ಬಿಡಲಿಲ್ಲ. ಅಕ್ಕ ಲೋಟ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಚೀಟಿ ತೆಗೆದಿದ್ದೆ ಅಕ್ಕಾ. ದೇವರಾಣೆ. ಜೇಬಲ್ಲಿಟ್ಕೊಂಡಿದ್ದೆ."

"ನಂದೊಂದೇನಾ?"

ಅವನು ಇನ್ನೊಂದು ಲೋಟ ಎತ್ತಿ ಅವಳ ಕೈಗೆ ಕೊಟ್ಟ.

"ಮಿಕ್ಕ ಇನ್ನೂರ ಹನ್ನೊಂದು ಜನ ಯಾರಿಗೂ ಅಕ್ಕ ಅಲ್ವೇನೋ?"

ಲೋಟಗಳು ಮುಗಿದವು. ಗಂಟನ್ನು ಅವನೇ ಗಾಡಿಗೆ ಹೊತ್ತು, ಕೆನ್ನೆ ಒರೆಸಿಕೊಂಡು ಬಂದ. "ರೂಮು ರೆಡಿ ಇದೆ. ಅವಳು ಅಡುಗೆ ಮಾಡಿ ಕಾಯ್ತಿದ್ದಾಳೆ."

"ಅವಳಿಗೆ ಹೇಳು, ಬೇಜಾರು ಮಾಡ್ಕೋಬೇಡ ಅಂತ. ಸಹಿ ಹಾಕದೋರು ನಾವು ಐದಾರು ಜನ ಒಟ್ಟಿಗೆ ಒಂದು ಮನೆ ಹಿಡಿದಿದ್ದೀವಿ."

"ಎಲ್ಲಿ?"

ಅಕ್ಕ ಅವನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಸೂಜಿ ಚುಚ್ಚುವ ಮುಂಚೆ, ಅಳಬೇಡ, ಆಗೋಯ್ತು ಎನ್ನುತ್ತಿದ್ದ ಅದೇ ದನಿಯಲ್ಲಿ, "ಅದನ್ನ ನಿಂಗೆ ಹೇಳಲ್ಲ ಕಣೋ," ಎಂದಳು. ಚಾಲಕನ ಪಕ್ಕ ಹತ್ತಿ ಕೂತು, ಸೆರಗು ಬಾಗಿಲಿಗೆ ಸಿಕ್ಕದಂತೆ ಎಳೆದುಕೊಂಡಳು.

ಗಾಡಿ ತಿರುವು ದಾಟಿದ ಮೇಲೂ ಅವನು ಜಗುಲಿಯಲ್ಲೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಾಡಿ ಬಂತು. ಹೊಸ ದಾದಿ ಇಳಿದಳು. ವಯಸ್ಸು ಇಪ್ಪತ್ತೈದಿರಬಹುದು, ಸಿಕ್ಕಿದ ಮನೆಯ ಸಂತೋಷ ಮುಖದಲ್ಲಿ ಹಿಡಿಸದಷ್ಟಿತ್ತು.

"ನೀವು ಈ ಮನೆಯವರಾ?"

"ಅಲ್ಲಮ್ಮ."

"ಹಾಗಾದ್ರೆ ಸ್ವಲ್ಪ ಕೈ ಹಾಕ್ತೀರಾ? ಮಂಚ ಭಾರ."

ಅಕಾರಾದಿ ಎದ್ದು, ಮಂಚದ ಇನ್ನೊಂದು ತುದಿ ಹಿಡಿದು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಒಳಗೆ ಹೋದ.