ದೈವದ ಕೋಣೆಯ ಗೋಡೆ

ಅತ್ತೆಯನ್ನು ನಾನು ತಲೆಕೂದಲು ಹಿಡಿದು ಎಳೆದಿದ್ದೇನೆ. ಜೀವ ಉಳಿಸಲಿಕ್ಕೆಂದೇ ಎಳೆದದ್ದು, ಆದರೆ ಕೈಯಲ್ಲಿ ಸಿಟ್ಟೂ ಇತ್ತು. ಗುಡ್ಡ ಬಿರುಕು ಬಿಟ್ಟಿದೆ, ಹೊರಡಿ ಎಂದು ಬೆಳಗ್ಗಿನಿಂದ ಬೊಬ್ಬೆ ಹೊಡೆದರೂ ಅವರು ಒಳಗೆ ಕೂತು ಕುಚ್ಚಲಕ್ಕಿ ಆರಿಸುತ್ತಿದ್ದರು.

ಹತ್ತೂವರೆಗೆ ಗುಡ್ಡ ಬಂತು. ಮೊದಲು ಹಟ್ಟಿ ಹೋಯಿತು. ದನ ಒಂದು ಸಲ ಕೂಗಿತು, ಮತ್ತೆ ಕೂಗಲಿಲ್ಲ. ಅಡುಗೆಮನೆಯ ಗೋಡೆ ಒಡೆದು ಕೆಂಪುಕಲ್ಲುಗಳು ಒಳಗೆ ಹಾರಿ ಬಂದವು. ಮಾಡಿನ ಮರದ ಪಕ್ಕಾಸು ಮುರಿದು ಹಂಚೆಲ್ಲ ತಲೆಯ ಮೇಲೆ ಸುರಿಯಿತು. ಒಂದು ಹಂಚು ನನ್ನ ಭುಜದ ಮಾಂಸ ಕಿತ್ತುಕೊಂಡು ಹೋಯಿತು. ಅತ್ತೆಯ ಕೈಗಾಗಿ ತಡಕಾಡಿದೆ, ಕೂದಲು ಸಿಕ್ಕಿತು. ಅಂಗಳದ ಕೆಸರಿನಲ್ಲಿ ಹಾಗೆಯೇ ಎಳೆದು ತಂದು ನೀರು ಹರಿಯುವ ತೋಡಿನ ಬದಿಗೆ ಹಾಕಿದೆ.

ನಮ್ಮ ಮನೆ ಇದ್ದದ್ದು ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ. ಮನೆಯೆದುರಿನ ಆ ತೋಡೇ ತಾಲೂಕಿನ ಗಡಿ. ಈಚೆ ಬಂಟ್ವಾಳ, ಆಚೆ ಬೆಳ್ತಂಗಡಿ. ಮಳೆಗಾಲ ಬಿಟ್ಟರೆ ಎರಡು ಹೆಜ್ಜೆಯಲ್ಲಿ ದಾಟಬಹುದು. ಅದೇ ಮಣ್ಣು ತೋಡು ದಾಟಿ ಆಚೆಯ ಬ್ಯಾರಿ ಕುಟುಂಬದ ಮನೆಯನ್ನೂ ಕೆಡವಿತ್ತು. ಆ ಮನೆಯ ಯಜಮಾನರನ್ನು ನಾವು ಕಾಕ ಎನ್ನುತ್ತೇವೆ.

ವಾರದೊಳಗೆ ಸರಕಾರ ಬೆಳ್ತಂಗಡಿಯನ್ನು ನೆರೆಪೀಡಿತ ತಾಲೂಕೆಂದು ಘೋಷಿಸಿತು. ನಮ್ಮ ತಾಲೂಕು ಪಟ್ಟಿಯಲ್ಲಿ ಇರಲಿಲ್ಲ. ಕಾಕನಿಗೆ ಹೊಸ ಮನೆ ಕಟ್ಟಲು ನೆರವು ಮಂಜೂರಾಯಿತು. ನಮಗೆ ಪಾತ್ರೆ, ಬಟ್ಟೆಗೆಂದು ಏನೋ ಚಿಲ್ಲರೆ ಕೊಟ್ಟು ಕಳಿಸಿದರು. ನಾನು ತಾಲೂಕು ಕಚೇರಿಗೆ ಹೋಗಿ ಗುಮಾಸ್ತನ ಮೇಜಿಗೆ ಗುದ್ದಿದೆ.

"ಗುಡ್ಡ ಬೀಳುವಾಗ ತಾಲೂಕು ನೋಡಿ ಬೀಳ್ತದಾ?" ಎಂದು ಕೇಳಿದೆ.

"ಪಟ್ಟಿಯಲ್ಲಿ ಹೆಸರು ಬರ್ಲಿ ಅಮ್ಮ, ನಾವೇ ನಿಮ್ಮ ಮನೆಗೆ ಬರ್ತೇವೆ. ಈಗ ಗಲಾಟೆ ಮಾಡಿದ್ರೆ ಪೊಲೀಸರನ್ನು ಕರೀಬೇಕಾಗ್ತದೆ," ಎಂದ ಅವನು. ಅವನ ಅಂಗಿ ಹಿಡಿಯಲು ಹೋದವಳನ್ನು ನನ್ನ ಗಂಡ ಹೊರಗೆ ದೂಡಿಕೊಂಡು ಬಂದರು.

ಮೂರನೇ ವಾರ ಬಂಟ್ವಾಳದ ಹೆಸರೂ ಬಂತು. ನೋಡಲು ಗ್ರಾಮಲೆಕ್ಕಿಗರು ಬರುತ್ತಾರೆಂದು ಫೋನು ಬಂತು. ನಾವು ಆಗ ಊರಿನ ಶಾಲೆಯಲ್ಲಿ ಮಲಗುತ್ತಿದ್ದೆವು. ಬಿದ್ದ ಮನೆಯಲ್ಲಿ ನಿಂತದ್ದು ದೈವದ ಕೋಣೆ ಒಂದೇ. ಅತ್ತೆ ದಿನಾ ಮಣ್ಣಿನ ರಾಶಿ ಹತ್ತಿಳಿದು ಹೋಗಿ ಅಲ್ಲಿ ದೀಪ ಹಚ್ಚಿ ಬರುತ್ತಿದ್ದರು. ದೈವವನ್ನು ಕತ್ತಲಲ್ಲಿ ಇಡುವುದು ನಮ್ಮಲ್ಲಿ ಯಾರಿಗೂ ಆಗದ ಮಾತು. ಸರಕಾರದವರು ಬರುವ ದಿನ ಅತ್ತೆ ಆ ಕೋಣೆಯನ್ನು ಇನ್ನೂ ಚಂದ ಮಾಡಿದರು. ನೆಲಕ್ಕೆ ಸೆಗಣಿ ಸಾರಿಸಿ, ಬಂದವರಿಗೆ ಕೂರಲು ಮಣೆ, ಬಾಯಾರಿಕೆಗೆ ಬೆಲ್ಲ ನೀರು ಇಟ್ಟರು. ನಾನೂ ನೀರು ಹೊತ್ತು ಕೊಟ್ಟೆ. ನಮ್ಮ ಬುದ್ಧಿಗೆ ಮಣ್ಣು ಮೆತ್ತಿತ್ತು.

ಗ್ರಾಮಲೆಕ್ಕಿಗರು ಚಿಕ್ಕ ಪ್ರಾಯದವರು, ಒಳ್ಳೆಯವರು. ಬೆಲ್ಲ ತಿಂದು ನೀರು ಕುಡಿದರು. ಮೊಬೈಲು ತೆಗೆದವರು ದೀಪವನ್ನೇ ನೋಡುತ್ತಾ ನಿಂತರು.

"ದೀಪ ಉರೀತಾ ಉಂಟು, ನೆಲ ಸಾರಿಸಿ ಉಂಟು. ಫೋಟೋ ತೆಗೆದ್ರೆ ಜನ ವಾಸ ಇದ್ದ ಹಾಗೆ ಕಾಣ್ತದೆ. ಇದು ಭಾಗಶಃ ಹಾನಿ ಅಂತಲೇ ಆಗುವುದು ಅಮ್ಮ. ರಿಪೇರಿಗೆ ಸಿಗ್ತದೆ, ಹೊಸ ಮನೆಗೆ ಸಿಗುವುದಿಲ್ಲ."

"ಈ ಗೋಡೆ ಇಲ್ಲದಿದ್ರೆ?" ಎಂದೆ.

ಅವರು ಮೊಬೈಲು ಕಿಸೆಗೆ ಹಾಕಿ ಅಂಗಳಕ್ಕೆ ಇಳಿದರು. ನಾನೂ ಹೊರಗೆ ಬಂದು ಮಣ್ಣಿನ ರಾಶಿಯಿಂದ ಪಿಕ್ಕಾಸು ಎಳೆದುಕೊಂಡೆ. ಗಂಡ ಸೊಂಟ ಹಿಡಿದರು, ಅವರ ಕೈ ಕಚ್ಚಿದೆ. ಅವರು ಕೆನ್ನೆಗೆ ಬಾರಿಸಿದರು, ನಾನು ಪಿಕ್ಕಾಸಿನ ಹಿಡಿಯಿಂದ ಅವರ ಹೊಟ್ಟೆಗೆ ತಿವಿದೆ. ಅತ್ತೆ ಅಡ್ಡ ಬರದೆ ದೈವವನ್ನು ನೆಲೆಗೊಳಿಸಿದ್ದ ಮಣೆ, ದೀಪ ಎರಡನ್ನೂ ಎತ್ತಿ ಹೊರಗೆ ತಂದರು. ಮಳೆ ಕುಡಿದ ಗೋಡೆ. ಆರೇಳು ಏಟಿಗೆ ಬುಡ ಸಡಿಲವಾಯಿತು. ನನಗೆ ಆಗ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಗುಡ್ಡದ ಮೇಲಿನ, ಪಟ್ಟಿಯ ಮೇಲಿನ ಸಿಟ್ಟನ್ನೆಲ್ಲ ಅದಕ್ಕೇ ಹೊಡೆದೆ. ಗೋಡೆ ಒಳಮುಖವಾಗಿ ಮಗುಚಿತು, ಮಾಡೂ ಅದರ ಜೊತೆ ಬಿತ್ತು.

ಆಚೆ ತಮ್ಮ ಮನೆಯ ಮಣ್ಣು ತೆಗೆಸುತ್ತಿದ್ದ ಕಾಕ ಸದ್ದು ಕೇಳಿ ತೋಡು ದಾಟಿ ಓಡಿ ಬಂದರು. ಗ್ರಾಮಲೆಕ್ಕಿಗರು ಕಾಗದ ಬಿಡಿಸಿ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಫೋಟೋ ನಾನಿನ್ನೂ ತೆಗೀಲಿಲ್ಲ. ಮಳೆಗೆ ಬಿದ್ದದ್ದು ಅಂತ ಬರೆಯುವ. ಒಬ್ಬರು ಸಾಕ್ಷಿ ಹಾಕ್ಬೇಕು. ಮತ್ತೆ ಮನೆ ಯಾರ ಹೆಸರಲ್ಲಿ ಉಂಟೋ ಅವರ ಹೇಳಿಕೆ."

ಕಾಕ ಹಿಂದೆಮುಂದೆ ನೋಡದೆ ಸಹಿ ಹಾಕಿದರು. ಮನೆ ಅತ್ತೆಯ ಹೆಸರಿನಲ್ಲಿತ್ತು. ಅವರು ದೈವದ ಮಣೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗಳದಲ್ಲಿ ಕೂತಿದ್ದರು. ದೀಪ ಪಕ್ಕದಲ್ಲಿ ಉರಿಯುತ್ತಿತ್ತು.

"ಗೋಡೆ ಹೇಗೆ ಬಿತ್ತು ಅಮ್ಮ?" ಎಂದು ಗ್ರಾಮಲೆಕ್ಕಿಗರು ಕೇಳಿದರು.

"ನನ್ನ ಸೊಸೆ ಪಿಕ್ಕಾಸಿನಲ್ಲಿ ಹೊಡೆದು ಬೀಳಿಸಿದಳು."

"ಮಳೆ ಅಂತ ಹೇಳಿ ಅಮ್ಮ, ಒಂದು ಮಾತು," ಎಂದು ಗಂಡ ಕಾಲು ಹಿಡಿದರು.

"ದೈವದ ಎದುರು ಕೂತು ನನಗೆ ಸುಳ್ಳು ಹೇಳ್ಲಿಕ್ಕೆ ಆಗುವುದಿಲ್ಲ ಮಗಾ. ನೀವು ಬರೀರಿ, ನಾನು ಹೆಬ್ಬೆಟ್ಟು ಒತ್ತುತ್ತೇನೆ."

ಗ್ರಾಮಲೆಕ್ಕಿಗರು ಹೇಳಿದ್ದನ್ನೇ ಬರೆದರು, ಅತ್ತೆ ಹೆಬ್ಬೆಟ್ಟು ಒತ್ತಿದರು. ನಾನು ಹೊಡೆದೆ. ಅಂಗೈ ಬೀಸಿ, ಕಿವಿ ಸೇರಿಸಿ, ಎರಡು ಸಲ. ಎರಡನೆಯದಕ್ಕೆ ಅವರು ಪಕ್ಕಕ್ಕೆ ಬಿದ್ದರು. ಬೀಳುವಾಗಲೂ ಮಣೆಯನ್ನು ಬಿಡಲಿಲ್ಲ.

ಮನುಷ್ಯರು ಕೆಡವಿದ್ದಕ್ಕೆ ಸರಕಾರದಲ್ಲಿ ನೆರವಿಲ್ಲ. ರಿಪೇರಿಯ ಹಣವೂ ಬರಲಿಲ್ಲ. ಗಂಡ ಲಾರಿ ಓಡಿಸುವುದು ಮೂಡುಬಿದಿರೆಯಲ್ಲಾದ್ದರಿಂದ ಅಲ್ಲೇ ಒಂದು ಬಾಡಿಗೆ ಕೋಣೆ ಹಿಡಿದೆವು. ನಾನು ಬೀಡಿ ಕಟ್ಟುತ್ತೇನೆ, ಅತ್ತೆ ಪಕ್ಕದಲ್ಲಿ ಕೂತು ನೂಲು ಸುತ್ತಿ ಕೊಡುತ್ತಾರೆ. ನಾನು ಕ್ಷಮೆ ಕೇಳಿಲ್ಲ. ಕೇಳಬೇಕೆಂದು ಬಾಯಿ ತೆರೆದಾಗೆಲ್ಲ ಬೇರೇನೋ ಬೈಗುಳ ಬರುತ್ತದೆ.

ಹೋದ ತಿಂಗಳು ಅವರ ಎಡಗಿವಿಯಿಂದ ಕೀವು ಸುರಿಯತೊಡಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ದೀಪ ಹಿಡಿದು ಒಳಗೆ ನೋಡಿ, ಕಿವಿಯ ತಮಟೆ ಹರಿದಿದೆ, ಪೆಟ್ಟು ಬಿದ್ದ ಹಾಗುಂಟು, ಯಾರಾದರೂ ಹೊಡೆದರಾ ಎಂದು ಕೇಳಿದರು. ಅತ್ತೆ ನನ್ನ ಕಡೆ ನೋಡಲೇ ಇಲ್ಲ.

"ಗುಡ್ಡ ಜರಿದಾಗ ಕಲ್ಲು ಬಡಿದದ್ದು ಡಾಕ್ಟ್ರೇ," ಎಂದರು. "ನನ್ನ ಸೊಸೆ ಎಳೆದು ಹಾಕದಿದ್ರೆ ನಾನು ಇರ್ತಿರಲಿಲ್ಲ."